ಹೋಟೆಲಲ್ಲಿ ಕೂತು ತಿಂದ ಚರಿತ್ರೆ

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಹೋದ ಭಾನುವಾರ ನಾನು, ನನ್ನ ಹೆಂಡತಿ, ಮಕ್ಕಳು ಕೆ.ಆರ್.ಪೇಟೆಯ ಒಂದು ಬರ್ಗರ್ ಅಂಗಡಿಯಲ್ಲಿ ಕೂತಿದ್ದ ಫೋಟೋ ಹಾಕಿದ್ದೆ. ನಮ್ಮ ಬಳಗದ ಅಣ್ಣ ಒಬ್ಬರು ಕೆಳಗೆ ಬರೆದರು: "ಏನ್ ತಮ್ಮ, ಹೋರಾಟ ಬಿಟ್ಟು ಬರ್ಗರ್ ಹಿಡಿದ್ಯಾ?" ತಮಾಷೆಗೆ ಬರೆದದ್ದು, ನನಗೇನೂ ಬೇಜಾರಿಲ್ಲ. ಆದರೆ ಅದಕ್ಕೆ ನಗೋ ಮುಖ ಹಾಕಿದವರಲ್ಲಿ ಹೆಚ್ಚಿನವರು ಇಪ್ಪತ್ತೈದು ದಾಟದ ನಮ್ಮ ಹುಡುಗರು. ಅವರಿಗೋಸ್ಕರ ಬರೀತಿದ್ದೀನಿ. ಕುರ್ಚಿ ಎಳ್ಕೊಂಡು ಕೂತು, ಕಾಸು ಕೊಟ್ಟು, ಬೇಕಾದ್ದು ತಿಂದು ಎದ್ದು ಬರೋದು ನಮ್ಮ ಕೇರಿಯೋರಿಗೆ ಹೋರಾಟದ ಹೊರಗಿನ ವಿಷಯ ಯಾವತ್ತೂ ಆಗಿರಲಿಲ್ಲ.

ನಮ್ಮೂರು ಹೊಸಹೊಳಲು. ಹೊರಗಿನೋರು ಬರೋದು ಲಕ್ಷ್ಮೀನಾರಾಯಣ ದೇವಸ್ಥಾನ ನೋಡಕ್ಕೆ. 13ನೇ ಶತಮಾನದ ಹೊಯ್ಸಳರ ಕೆಲಸ, ಗೋಡೆ ಸುತ್ತ ರಾಮಾಯಣ, ಮಹಾಭಾರತ ಕೆತ್ತಿದ್ದಾರೆ. ಆ ಕಲ್ಲಿನ ಚರಿತ್ರೆ ಬರೆದೋರು ಬೇಕಾದಷ್ಟು ಜನ ಇದ್ದಾರೆ. ಟೀ ಲೋಟದ ಚರಿತ್ರೆಗೆ ಮಾತ್ರ ಶಾಸನ ಇಲ್ಲ. ಅದು ಇರೋದು ನಮ್ಮ ಅಪ್ಪ ಅವ್ವಂದಿರ ಬಾಯಲ್ಲಿ. ಅವರು ಹೋದ್ರೆ ಅದೂ ಹೋಯ್ತು.

ನಮ್ಮಪ್ಪ ವಯಸ್ಸಲ್ಲಿ ಆಲೆಮನೆ ಕೆಲಸಕ್ಕೆ ಹೋಗ್ತಿದ್ದರು. ಕಬ್ಬು ಹೊರೋದು, ಒಲೆಗೆ ಸಿಪ್ಪೆ ಹಾಕೋದು, ಪಾಕ ಬಂದ ಮೇಲೆ ಅಚ್ಚಿಗೆ ಸುರಿಯೋದು. ಅವರ ಕೈಯಲ್ಲಿ ಮಾಡಿದ ಬೆಲ್ಲವೇ ಸಂತೆಗೆ ಹೋಗಿ, ಅಲ್ಲಿಂದ ಹೋಟೆಲಿಗೆ ಹೋಗಿ ಟೀಗೆ ಬೀಳ್ತಿತ್ತು. ಅದೇ ಟೀ ಕುಡಿಯಕ್ಕೆ ಅಪ್ಪ ಹೋಟೆಲಿನ ಹಿಂದುಗಡೆ ಹೋಗಬೇಕಿತ್ತು. ಸೂರಿನ ಗಳುವಿಗೆ ಸಿಕ್ಕಿಸಿದ ಒಂದು ನೆಗ್ಗಿದ ಅಲ್ಯುಮಿನಿಯಂ ಲೋಟ. ತಾವೇ ಇಳಿಸ್ಕೊಂಡು, ತೊಳ್ಕೊಂಡು, ನೆಲದ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮೇಲಿಂದ ಸುರೀತಾರೆ. ಕುಕ್ಕರಗಾಲಲ್ಲಿ ಕೂತು ಕುಡಿದು, ಮತ್ತೆ ತೊಳೆದು, ಅದೇ ಗಳುವಿಗೆ ಸಿಕ್ಕಿಸಿ, ಕಾಸನ್ನ ಕಟ್ಟೆ ಮೇಲಿಟ್ಟು ಬರಬೇಕು. ಕಾಸಿಗೆ ನೀರು ಚಿಮುಕಿಸಿ ಎತ್ಕೋತಿದ್ದರಂತೆ. ಲೋಟ ಸಿಗದ ದಿನ ತೆಂಗಿನ ಚಿಪ್ಪು. ಹೋಟೆಲಿನ ಹೆಸರು, ಊರಿನ ಹೆಸರು ಬೇಡ. ಆ ಕಾಲಕ್ಕೆ ಯಾವ ಊರಿನ ಹೆಸರು ಹಾಕಿದರೂ ಹೆಚ್ಚು ಸುಳ್ಳಾಗಲ್ಲ.

"ಬೆಲ್ಲಕ್ಕೆ ಮೈಲಿಗೆ ಇರನಿಲ್ವಾ ಅಪ್ಪ?" ಅಂತ ಒಂದ್ಸಲ ಕೇಳಿದ್ದೆ. "ಬೆಲ್ಲ ಮಾರಿದ್ರೆ ದುಡ್ಡು ಬತ್ತದೆ ಕಣ್ಮಗ" ಅಂದಿದ್ದರು.

ಇದು 1970ರ ಆಸುಪಾಸಿನ ಮಾತು. ಅಷ್ಟು ಹೊತ್ತಿಗೆ ಕಾನೂನು ಬಂದು ಹದಿನೈದು ವರ್ಷ ಆಗಿತ್ತು! ನಾನು ಗುಮಾಸ್ತ, ಸೆಕ್ಷನ್ ನಂಬರ್ ನೋಡದೆ ಯಾವುದನ್ನೂ ನಂಬಲ್ಲ. ಹಾಗಾಗಿ ಕಾನೂನಿನ ಕಥೆ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮೈಸೂರು ಸಂಸ್ಥಾನದಲ್ಲಿ 1943ರಲ್ಲೇ ಸಾಮಾಜಿಕ ಅಡೆತಡೆ ತೆಗೆಯುವ ಒಂದು ಕಾಯ್ದೆ ಇತ್ತು. ಕಾಗದದಲ್ಲಿತ್ತು. ಆಮೇಲೆ ಸಂವಿಧಾನ ಸಭೆ. 1948ರ ನವೆಂಬರ್ 29ರಂದು ಚರ್ಚೆಗೆ ಬಂದದ್ದು ಇವತ್ತಿನ 15ನೇ ವಿಧಿ: ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲಿಗೆ ಹೋಗೋದನ್ನ ಜಾತಿ ಕಾರಣಕ್ಕೆ ಯಾರೂ ತಡೆಯೋ ಹಾಗಿಲ್ಲ ಅನ್ನೋದು. ಮದ್ರಾಸ್ ಪ್ರಾಂತ್ಯದ ಸದಸ್ಯ ಎಸ್. ನಾಗಪ್ಪ ಎದ್ದು, ಅಂಗಡಿ ಅಂದ್ರೆ ಬಟ್ಟೆ ಒಗೆಯೋ ಅಂಗಡಿ, ಕ್ಷೌರದ ಅಂಗಡಿನೂ ಸೇರುತ್ತಾ ಅಂತ ಕೇಳಿದರು. ಎಂಥ ಪ್ರಶ್ನೆ ನೋಡಿ. ಹಳ್ಳಿ ಗೊತ್ತಿದ್ದೋರು ಮಾತ್ರ ಕೇಳೋ ಪ್ರಶ್ನೆ. ಬಾಬಾಸಾಹೇಬರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಕೇಳಿಕೊಂಡು ಬಂದ ಯಾರಿಗೇ ಆಗಲಿ ಸೇವೆ ಕೊಡಲು ಬಾಗಿಲು ತೆರೆದು ಕೂತಿರುವ ಜಾಗವೆಲ್ಲ ಅಂಗಡಿಯೇ. ಬರೀ ಒಳಗೆ ಕಾಲಿಡೋ ಹಕ್ಕಷ್ಟೇ ಸಾಲದು, ಸೇವೆಯನ್ನ ಕೇಳಿ ಪಡೆಯೋ ಹಕ್ಕೂ ಇದೆ. 17ನೇ ವಿಧಿ, ಅಸ್ಪೃಶ್ಯತೆ ರದ್ದು, ಒಪ್ಪಿಗೆ ಆದದ್ದೂ ಅದೇ ದಿನ.

1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಅದರ 4ನೇ ಸೆಕ್ಷನ್ ಓದಿ. ಹೋಟೆಲಿಗೆ ಪ್ರವೇಶ ಅಂತ ಒಂದು ಕಡೆ ಹೇಳಿ ಸುಮ್ಮನಾಗಲ್ಲ. ಹೋಟೆಲಲ್ಲಿ ಜನರ ಬಳಕೆಗೆ ಇಟ್ಟಿರೋ ಪಾತ್ರೆ ಪಗಡೆ ಬಳಸೋ ಹಕ್ಕು ಅಂತ ಬೇರೆಯಾಗೇ ಬರೆದಿದ್ದಾರೆ. ಅಂದ್ರೆ ಒಳಗೆ ಬಿಟ್ಟು ಲೋಟ ಬೇರೆ ಮಾಡ್ತಾರೆ ಅಂತ ಬರೆದೋರಿಗೆ ಮೊದಲೇ ಗೊತ್ತಿತ್ತು. ನಮ್ಮಪ್ಪನ ಅಲ್ಯುಮಿನಿಯಂ ಲೋಟ ದೇಶದ ಕಾಯ್ದೆ ಪುಸ್ತಕದಲ್ಲಿದೆ, ಅಪ್ಪನಿಗೆ ಗೊತ್ತಿರಲಿಲ್ಲ ಅಷ್ಟೆ. 1976ರಲ್ಲಿ ಇದೇ ಕಾಯ್ದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೊಸ ಹೆಸರು ಬಂತು. ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು, ದಂಡ 100ರಿಂದ 500 ರೂಪಾಯಿ. ದಂಡ ಕೇಳಿ ನಗಬೇಡಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ, ಅಂಗಡಿ ಪ್ರವೇಶ ತಡೆಯೋದು, ಸಾರ್ವಜನಿಕ ಪಾತ್ರೆ ಬಳಸಕ್ಕೆ ಬಿಡದೇ ಇರೋದು ಅದರೊಳಗೂ ಸೇರಿದೆ. ಅಲ್ಲಿ ಶಿಕ್ಷೆ ಐದು ವರ್ಷದ ತನಕ ಹೋಗುತ್ತೆ. ಕೇಸ್ ಬರೆಸೋವಾಗ ಇದನ್ನ ಮರೀಬೇಡಿ.

ಪಟ್ಟಣದಲ್ಲಿ ಹೆಂಗಿತ್ತು? ಅಲ್ಲಿ ಲೋಟಕ್ಕಿಂತ ಮೊದಲು ಬೋರ್ಡು ಮಾತಾಡ್ತಿತ್ತು. ಇವತ್ತು ಬೆಂಗಳೂರಿನ ಹೆಮ್ಮೆ ಅನ್ನಿಸ್ಕೊಂಡಿರೋ ಎಂ.ಟಿ.ಆರ್. 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಅಂಥ ಹೆಸರು ಮದ್ರಾಸಿನಿಂದ ಇಲ್ಲೀತನಕ ಮಾಮೂಲು. 1957ರಲ್ಲಿ ಪೆರಿಯಾರ್ ಅವರು ಮದ್ರಾಸಿನ ತಿರುವಲ್ಲಿಕೇಣಿಯ ಒಂದು ಹೋಟೆಲಿನ ಬೋರ್ಡಿನಿಂದ ಬ್ರಾಹ್ಮಣ ಅನ್ನೋ ಪದ ಅಳಿಸಿ ಅಂತ ದಿನಾ ಚಳವಳಿ ನಡೆಸಿದರು. ದಿನಾ ಜನ ಹೋಗೋದು, ಬಂಧನ ಆಗೋದು. ಕೊನೆಗೆ ಬೋರ್ಡು ಬದಲಾಯ್ತು. ಒಂದು ಪದ ಅಳಿಸಕ್ಕೆ ತಿಂಗಳುಗಟ್ಟಲೆ ಜನ ಜೈಲಿಗೆ ಹೋಗಿದ್ದಾರೆ, ನಾವು ಬೋರ್ಡು ನೋಡದೆ ಒಳಗೆ ನುಗ್ತೀವಿ.

ಹಂಗಂತ ಎಲ್ಲಾನೂ ಬ್ರಾಹ್ಮಣರ ತಲೆಗೆ ಕಟ್ಟೋದು ಸುಲಭದ ಕೆಲಸ, ನಾನು ಮಾಡಲ್ಲ. ನಮ್ಮ ಕಡೆ ಮಿಲಿಟರಿ ಹೋಟೆಲಲ್ಲಿ ಬಾಡು ಸಿಕ್ತಿತ್ತು, ಮುದ್ದೆ ಸಿಕ್ತಿತ್ತು, ಭಟ್ಟರ ಮಡಿ ಇರಲಿಲ್ಲ. ಆದರೂ ಅಪ್ಪ ಹೇಳೋ ಪ್ರಕಾರ ಹಳ್ಳಿಗಳಲ್ಲಿ ಬಾಡು ಬೇಯಿಸೋ ಹೋಟೆಲಲ್ಲೂ ನಮ್ಮೋರ ತಟ್ಟೆ ಹೊರಗೇ ಇತ್ತು. ಒಂದೇ ಕುರಿ, ಎರಡು ತಟ್ಟೆ.

ದೂರದ ಒಂದು ಕಥೆ ಇಲ್ಲಿ ಹೇಳಲೇಬೇಕು. 1960ರ ಫೆಬ್ರವರಿ 1, ಅಮೆರಿಕದ ಗ್ರೀನ್ಸ್‌ಬೊರೊ ಊರು. ನಾಲ್ಕು ಜನ ಕಪ್ಪು ಹುಡುಗರು, ಕಾಲೇಜು ವಿದ್ಯಾರ್ಥಿಗಳು, ವೂಲ್‌ವರ್ತ್ ಅಂಗಡಿಗೆ ಹೋದರು. ಒಂದು ಕೌಂಟರಿನಲ್ಲಿ ಟೂತ್‌ಪೇಸ್ಟು ಅದೂ ಇದೂ ತಗೊಂಡರು, ಅಂಗಡಿಯೋರು ದುಡ್ಡು ಇಸ್ಕೊಂಡರು. ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರೆ ಇಲ್ಲ. ಹುಡುಗರು ಏಳಲಿಲ್ಲ. ಮಾರನೇ ದಿನ ಇನ್ನಷ್ಟು ಜನ ಬಂದು ಕೂತರು. ಜುಲೈ ಹೊತ್ತಿಗೆ ಅಂಗಡಿ ಸೋತಿತು. ಅವರಿಗೆ ದೇಶಕ್ಕೆಲ್ಲ ಅನ್ವಯಿಸೋ ಹೋಟೆಲ್ ಕಾನೂನು ಬಂದದ್ದು 1964ರಲ್ಲಿ. ನಮಗೆ 1950ರ ಸಂವಿಧಾನದಲ್ಲೇ ಇತ್ತು. ಅವರು ಕೂತು ಕಾನೂನು ತಂದರು, ನಮಗೆ ಕಾನೂನು ಬಂದಮೇಲೂ ಕೂರಕ್ಕೆ ಆಗಿರಲಿಲ್ಲ. ಟೂತ್‌ಪೇಸ್ಟಿನ ದುಡ್ಡು ಆಗುತ್ತೆ, ಕಾಫಿ ಆಗಲ್ಲ ಅನ್ನೋದು ನಮ್ಮಪ್ಪನ ಬೆಲ್ಲದ ಲೆಕ್ಕವೇ.

ಹೋಟೆಲಿನ ಆಕಾರವೇ ಬದಲಾದದ್ದು ನಮ್ಮಲ್ಲಿ ಯಾವ ಚಳವಳಿಯಿಂದಲೂ ಅಲ್ಲ, ವ್ಯಾಪಾರದಿಂದ. 1983ರಲ್ಲಿ ಬೆಂಗಳೂರು ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ಮೊದಲು ದುಡ್ಡು, ಆಮೇಲೆ ಚೀಟಿ, ಕೌಂಟರಿನಲ್ಲಿ ತಟ್ಟೆ, ನಿಂತ್ಕೊಂಡು ತಿನ್ನೋದು. ಅವರ ಉದ್ದೇಶ ಬೇಗ, ಅಗ್ಗ, ಶುಚಿ. ಆದರೆ ಹಳ್ಳಿಯಿಂದ ಹೋದ ನಮ್ಮೋನಿಗೆ ಅದರಲ್ಲಿ ಬೇರೆಯದೇ ಕಂಡಿತು. ಕೂರಕ್ಕೇ ಜಾಗ ಇಲ್ಲದ ಹೋಟೆಲಲ್ಲಿ "ನೀನು ಅಲ್ಲಿ ಕೂತ್ಕೊ" ಅನ್ನೋರು ಯಾರು? ಚೀಟಿಗೆ ಹೆಸರಿಲ್ಲ, ಊರಿಲ್ಲ. "ಯಾರ ಮಗ?" ಅಂತ ಕೇಳೋರಿಲ್ಲ. ನಾನು ಕೆಲಸಕ್ಕೆ ಪರೀಕ್ಷೆ ಬರೆಯಕ್ಕೆ ಬೆಂಗಳೂರಿಗೆ ಹೋದಾಗ ಮೊದಲ ಸಲ ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದೆ. ಪಕ್ಕದಲ್ಲಿ ಜನಿವಾರದ ಯಜಮಾನರೊಬ್ಬರು ಅದೇ ಕಟ್ಟೆ ಮೇಲೆ ತಟ್ಟೆ ಇಟ್ಟು, ನನ್ನ ಕಡೆ ತಿರುಗಿ "ಚಟ್ನಿ ಚೆನ್ನಾಗಿದೆ ಅಲ್ವಾ" ಅಂದರು. ಅಷ್ಟೆ. ತಟ್ಟೆ ಎತ್ತಿ ಒರೆಸೋ ಹುಡುಗ ಯಾರ ಕೇರಿಯೋನು ಅಂತ ನೋಡಿದ್ರೆ ಕಥೆ ಬೇರೆ ಇದೆ, ಅದನ್ನ ಇನ್ನೊಂದಿನ ಬರೀತೀನಿ.

ಈಗ ಬರ್ಗರ್. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಕೆ.ಎಫ್.ಸಿ. ಬಂತು. 1996ರ ಜನವರಿ 30ರಂದು ರೈತ ಸಂಘದೋರು ಅದಕ್ಕೆ ನುಗ್ಗಿ ಗಾಜು ಪುಡಿ ಮಾಡಿದರು. ಪ್ರೊ. ನಂಜುಂಡಸ್ವಾಮಿಯವರ ವಾದ, ಬೀಜದಿಂದ ತಟ್ಟೆ ತನಕ ಪರದೇಶಿ ಕಂಪನಿ ಕೈಗೆ ಹೋಗುತ್ತೆ ಅನ್ನೋದು. ನಮ್ಮ ಜಿಲ್ಲೆ ಹಸಿರು ಶಾಲಿನ ಜಿಲ್ಲೆ, ಆ ವಾದ ಚೆನ್ನಾಗಿ ಗೊತ್ತು, ಅರ್ಧಕ್ಕಿಂತ ಹೆಚ್ಚು ಒಪ್ತೀನಿ. ನನಗೆ ಕಾಡೋದು ಇಷ್ಟೇ: ಬ್ರಿಗೇಡ್ ರಸ್ತೆಯ ಗಾಜಿಗೆ ಬಿದ್ದ ಕಲ್ಲು ಹಳ್ಳಿಯ ಹೋಟೆಲಿನ ಸೂರಲ್ಲಿ ಸಿಕ್ಕಿಸಿದ್ದ ಲೋಟಕ್ಕೆ ಯಾಕೆ ಬೀಳಲಿಲ್ಲ?

ಹಾಗಂತ ಕಂಪನಿ ನಮ್ಮನ್ನ ಉದ್ಧಾರ ಮಾಡಕ್ಕೆ ಬಂತು ಅಂತೇನಿಲ್ಲ. ಅಮೆರಿಕದಲ್ಲಿ ಬರ್ಗರ್ ಅಂದ್ರೆ ದನದ ಮಾಂಸ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿಯಲ್ಲಿ ಮೊದಲ ಅಂಗಡಿ ತೆಗೆಯೋವಾಗ ದನ, ಹಂದಿ ಎರಡನ್ನೂ ಬಿಟ್ಟು ಬಂತು. ಒಳಗೆ ವೆಜ್ ಮಾಡೋ ಜಾಗ ಬೇರೆ, ನಾನ್‌ವೆಜ್ ಜಾಗ ಬೇರೆ. ಬರ್ಗರ್ ಈ ದೇಶಕ್ಕೆ ಬರಬೇಕಾದ್ರೆ ಮೊದಲು ಸ್ನಾನ ಮಾಡಿ, ನಮ್ಮ ಕೇರಿಯ ಊಟ ಬಿಟ್ಟೇ ಬಂತು. ಚಂದ್ರಭಾನ್ ಪ್ರಸಾದ್ ಥರದವರು ಮಾರುಕಟ್ಟೆ ಜಾತಿಯನ್ನ ಮುರಿಯುತ್ತೆ ಅಂತಾರೆ. ಮುರಿಯುತ್ತೋ ಇಲ್ವೋ, ಬಗ್ಗೋದಂತೂ ಮಾರುಕಟ್ಟೆಯೇ ಮೊದಲು.

ಪೇಪರ್ ಕಪ್ಪಿನ ವಿಷಯಕ್ಕೆ ಬರ್ತೀನಿ, ಈ ಪೋಸ್ಟ್ ಬರೆಯಕ್ಕೆ ಕೂತದ್ದೇ ಅದಕ್ಕೆ. ಎರಡು ಲೋಟದ ಪದ್ಧತಿ ಮೇಲೆ ಸಂಘಟನೆಗಳು ದೂರು ಕೊಡಕ್ಕೆ ಶುರು ಮಾಡಿದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಸೂರಿನ ಲೋಟ ಮಾಯ ಆಯ್ತು. ಅದರ ಜಾಗಕ್ಕೆ ಕುಡಿದು ಬಿಸಾಕೋ ಕಪ್ಪು ಬಂತು. ಕೇರಿಯೋರಿಗೆ ಪ್ಲಾಸ್ಟಿಕ್ ಇಲ್ಲಾ ಪೇಪರ್ ಕಪ್ಪು, ಊರೋರಿಗೆ ಸ್ಟೀಲ್ ಲೋಟ. ತಹಶೀಲ್ದಾರ್ ಬಂದು ಕೇಳಿದ್ರೆ "ಸ್ವಾಮಿ, ಶುಚಿತ್ವಕ್ಕೆ" ಅಂತಾರೆ. ಕೇಸು ನಿಲ್ಲಲ್ಲ. ಅದೇ ಪೇಪರ್ ಕಪ್ಪು ಬರ್ಗರ್ ಅಂಗಡಿಯಲ್ಲಿ ಎಲ್ಲರ ಮುಂದೂ ಇರುತ್ತೆ, ಯಾರಿಗೂ ಏನೂ ಅನ್ಸಲ್ಲ. ವಸ್ತು ಒಂದೇ. ಪಕ್ಕದೋನ ಮುಂದೆ ಏನಿದೆ ಅಂತ ನೋಡದೆ ನಮ್ಮ ಮುಂದಿನ ಕಪ್ಪಿನ ಅರ್ಥ ಗೊತ್ತಾಗಲ್ಲ. ಪರಿಶೀಲನೆಗೆ ಹೋಗೋ ನಮ್ಮ ಸಂಗಾತಿಗಳು ಒಂದು ಟೀ ತರಿಸಿ ಕುಡಿದು ಬಂದ್ರೆ ಪ್ರಯೋಜನ ಇಲ್ಲ, ಎರಡು ಗಂಟೆ ಕೂತು ಯಾರಿಗೆ ಯಾವುದರಲ್ಲಿ ಕೊಡ್ತಾರೆ ಅಂತ ಎಣಿಸಬೇಕು.

ಹಳೇ ಕಾಲದ ಮಾತು ಅನ್ನೋರಿಗೆ ಎರಡು ಉದಾಹರಣೆ. ಘನಶ್ಯಾಮ್ ಶಾ, ಹರ್ಷ ಮಂದರ್, ಸುಖದೇವ್ ಥೋರಟ್ ಮುಂತಾದವರು ಸೇರಿ 11 ರಾಜ್ಯಗಳ 565 ಹಳ್ಳಿಗಳ ಸಮೀಕ್ಷೆ ಆಧರಿಸಿ 2006ರಲ್ಲಿ ಪುಸ್ತಕ ತಂದರು. ಅದರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಹಳ್ಳಿಯ ಹೋಟೆಲಲ್ಲಿ ಲೋಟ ತಟ್ಟೆ ಬೇರೆ ಇತ್ತು. ಇನ್ನೊಂದು, ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿ. ಹೋಟೆಲಿಗೆ, ಕ್ಷೌರದ ಅಂಗಡಿಗೆ ಬಿಡಲ್ಲ ಅಂತ ದಲಿತರು ಪ್ರಶ್ನೆ ಮಾಡಿದ್ದ ಊರು. 2014ರ ಆಗಸ್ಟ್ 28ರಂದು ಕೇರಿಗೆ ನುಗ್ಗಿ ಗುಡಿಸಲಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಆದಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿದೆ. 1948ರಲ್ಲಿ ನಾಗಪ್ಪನವರು ಕೇಳಿದ್ದು ಇದೇ ಕ್ಷೌರದ ಅಂಗಡಿ ಬಗ್ಗೆ.

ನಮ್ಮ ಮಂಡ್ಯದಲ್ಲೇ 2024ರ ಡಿಸೆಂಬರಿನಲ್ಲಿ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಮದ್ಯ, ತಂಬಾಕಿನ ಜೊತೆ ಮಾಂಸವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಬಾಡೂಟಕ್ಕೆ ಹೋರಾಡಿದ ಗೆಳೆಯರಿಗೆ ಅವತ್ತೂ ಇದೇ ಮಾತು ಕೇಳಿಬಂತು: "ಊಟಕ್ಕೂ ಹೋರಾಟವಾ?"

ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಹೇಳಿದ್ದಾರೆ, ಸಹಭೋಜನದಿಂದ ಜಾತಿ ಸಾಯಲ್ಲ ಅಂತ. ಅದು ನನಗೂ ಗೊತ್ತು. ಬರ್ಗರ್ ತಿಂದು ಜಾತಿ ನಾಶ ಮಾಡಿದೆ ಅಂತ ನಾನೆಲ್ಲೂ ಬರೆದಿಲ್ಲ. ಆದರೆ ನಮ್ಮವ್ವನ್ನ ಮೊದಲ ಸಲ ಅಂಥ ಅಂಗಡಿಗೆ ಕರ್ಕೊಂಡು ಹೋದಾಗ ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ನಾವು ಒಳೀಕೋಗಿ ಕುಂತ್ಕಬೋದಾ ಮಗ?" ಅಂದಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಒಳಗೆ ಕೂತ ಮೇಲೆ ಬನ್ನು ಬೇರೆ, ಕೋಳಿ ಬೇರೆ ಮಾಡಿ ತಿಂದು, "ನಮ್ಮ ನಾಟಿ ಕೋಳಿ ಮುಂದೆ ಇದೆಂಥದು" ಅಂತ ಬೈದಳು. ಬೈಯಕ್ಕೂ ಮೊದಲು ಒಳಗೆ ಕೂರಬೇಕಲ್ಲ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಮನೆ ಹಿರಿಯರನ್ನ ಕೇಳಿ: ಯಾವ ವರ್ಷ, ಯಾವ ಊರಲ್ಲಿ ಅವರು ಮೊದಲ ಸಲ ಹೋಟೆಲ್ ಒಳಗೆ ಕೂತು ತಿಂದರು? ಏನು ತಿಂದರು? ಯಾವುದರಲ್ಲಿ ಕೊಟ್ಟರು? ಜೊತೆಗೆ ಯಾರಿದ್ದರು? ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್.ಪೇಟೆ ಕಡೆಯೋರು ಮೊದಲು ಬರೀರಿ. ಹೋಟೆಲಿನ, ಮಾಲೀಕರ ಹೆಸರು ಬೇಡ, ಊರು, ಇಸವಿ ಸಾಕು. ಕಾಮೆಂಟಲ್ಲಿ ಹಾಕಕ್ಕೆ ಮುಜುಗರ ಆದ್ರೆ ಇನ್‌ಬಾಕ್ಸಿಗೆ ವಾಯ್ಸ್ ಮೆಸೇಜ್ ಕಳಿಸಿ, ಬರೆದುಕೊಳ್ಳೋ ಕೆಲಸ ನನ್ನದು. ದಿನಾ ಆಫೀಸಲ್ಲಿ ಮಾಡೋದು ಅದನ್ನೇ.

ಜೈ ಭೀಮ್.