ಚೇಳು ಕಡಿತ: ಮಕ್ಕಳ ತುರ್ತುಚಿಕಿತ್ಸೆಯ ಇತಿಹಾಸ

ಪಶ್ಚಿಮ ಮಹಾರಾಷ್ಟ್ರದಿಂದ ಉತ್ತರ ಕರ್ನಾಟಕದವರೆಗೆ ಹಬ್ಬಿದ ಒಣನೆಲದಲ್ಲಿ ವಾಸಿಸುವ ಕೆಂಪು ಚೇಳಿನ ವಿಷವು ಮಕ್ಕಳ ಹೃದಯವನ್ನು ಕೆಡಿಸುವ ಬಗೆಯೂ ಅದಕ್ಕೆ ವೈದ್ಯರು ಕಂಡುಕೊಂಡ ಪ್ರತೀಕಾರವೂ ಭಾರತೀಯ ವೈದ್ಯಸಂಶೋಧನೆಯ ಗಣ್ಯ ಅಧ್ಯಾಯಗಳಲ್ಲಿ ಒಂದು. ಹಾವೇರಿಯ ಸುತ್ತಲಿನ ಹಳ್ಳಿಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಕಣದಲ್ಲಿ, ರಾಣೆಬೆನ್ನೂರಿನ ಕುರುಚಲು ಕಾವಲಿನ ಅಂಚಿನಲ್ಲಿ, ಒಲೆಗೆಂದು ಕುಳ್ಳನ್ನೋ ಕಟ್ಟಿಗೆಯನ್ನೋ ಎಳೆಯಹೋದ ಮಗುವಿನ ಬೆರಳಿಗೆ ಚೇಳು ಕಡಿಯುವುದು ಹೊಸತಲ್ಲ. ದೊಡ್ಡ ಕರಿಚೇಳನ್ನು ಕಂಡು ಬೆಚ್ಚುವವರು ಪುಟ್ಟ ಕೆಂಪು ಚೇಳನ್ನು ಲಘುವಾಗಿ ಎಣಿಸುವುದುಂಟು, ಪ್ರಾಣಾಪಾಯವಿರುವುದಾದರೋ ಇದರಲ್ಲಿಯೇ.

ಈ ವಿಷವು ನರತಂತುಗಳ ಸೋಡಿಯಂ ದ್ವಾರಗಳನ್ನು ಬೇಗನೆ ಮುಚ್ಚಗೊಡದಿರುವುದರಿಂದ ಅಡ್ರಿನಲಿನ್ ವರ್ಗದ ಸ್ರಾವಗಳು ರಕ್ತಕ್ಕೆ ನುಗ್ಗಿ, ನಾಳಗಳು ಸಂಕುಚಿಸಿ, ಹೃದಯವು ಸೋತು, ಶ್ವಾಸಕೋಶದಲ್ಲಿ ನೀರು ತುಂಬುವುದು. ದೊಡ್ಡವರಿಗೆ ಇಳಿಯುವಷ್ಟೇ ವಿಷ ಎಳೆಯ ದೇಹಕ್ಕೂ ಇಳಿಯುವುದಾದ್ದರಿಂದ ಮಕ್ಕಳಿಗೆ ಅಪಾಯ ಹೆಚ್ಚು.

1976ರಲ್ಲಿ ಇಂದಿನ ರಾಯಗಡ ಜಿಲ್ಲೆಯ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ರೋಗಿಗಳ ಹಾಸಿಗೆಯ ಬಳಿಯಲ್ಲಿ ಕುಳಿತು ಬರೆದಿಟ್ಟ ಲಕ್ಷಣಗಳು 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದವು. ಉರಿ ತಾಳಲಾರದೆ ಚೀರುತ್ತಿರುವ ಮಗುವಿಗಿಂತ, ನೋವಿನ ದೂರು ಅಷ್ಟಿಲ್ಲದೆ ವಾಂತಿ ಮಾಡಿ, ಮೈಯೆಲ್ಲ ಬೆವತು, ಕೈಕಾಲು ತಣ್ಣಗಾದ ಮಗುವೇ ಹೆಚ್ಚು ಅಪಾಯದಲ್ಲಿರುವುದು ಎಂಬುದು ಆ ಅವಲೋಕನದ ತಿರುಳು. ಮಂತ್ರ ಹಾಕಿಸಿದೊಡನೆ ನೋವಿಳಿಯಿತೆಂದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಮನಗಾಣುವುದು ಒಳ್ಳೆಯದು. ಅದುವರೆಗೆ ಅಟ್ರೊಪಿನ್, ಸ್ಟಿರಾಯ್ಡ್ ಮೊದಲಾದುವು ಕೈಗೆ ಬಂದಂತೆ ಬಳಕೆಯಾಗುತ್ತಿದ್ದು, ಅಟ್ರೊಪಿನ್ನಂತಹುದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುವಂತಿತ್ತು. ಸಂಕುಚಿಸಿದ ನಾಳಗಳನ್ನು ಸಡಿಲಿಸುವ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಅಗ್ಗದ ಮಾತ್ರೆಯನ್ನು ಅವರು ಪ್ರಯೋಗಿಸಿ 1986ರಲ್ಲಿ ಅದೇ ಪತ್ರಿಕೆಯಲ್ಲಿ ಫಲವನ್ನು ವರದಿ ಮಾಡಿದ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ 30 ಮೈಕ್ರೋಗ್ರಾಂ ಮಾತ್ರ ಸಾಕಾಗುವ ಈ ಔಷಧದಿಂದ ರಕ್ತದೊತ್ತಡ ಥಟ್ಟನೆ ಕುಸಿಯಬಹುದಾದ್ದರಿಂದ ಕೊಟ್ಟ ಮೇಲೆ ಮಗುವನ್ನು ಎತ್ತಿ ನಿಲ್ಲಿಸದೆ ಮಲಗಿಸಿಯೇ ಇರಿಸತಕ್ಕದ್ದು.

ಪ್ರತಿವಿಷದ ಚರ್ಚೆ ಅನಂತರದ್ದು. ಮಹಾಡದಲ್ಲಿ 70 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪ್ರಾಜೋಸಿನ್ ಜೊತೆಗೆ ಪ್ರತಿವಿಷ ಪಡೆದ 35 ಮಂದಿಯಲ್ಲಿ 32 ಮಂದಿ 10 ಗಂಟೆಗಳೊಳಗೆ ಚೇತರಿಸಿಕೊಂಡರೆ, ಬರಿಯ ಪ್ರಾಜೋಸಿನ್ ಪಡೆದವರಲ್ಲಿ ಹಾಗಾದವರು ಎಂಟೇ ಮಂದಿ. ಪುದುಚೇರಿಯ ಜಿಪ್ಮರ್ ಸಂಸ್ಥೆಯ ಮಕ್ಕಳ ವಿಭಾಗದಲ್ಲಿ ಪ್ರಾಧ್ಯಾಪಕ ಎಸ್. ಮಹಾದೇವನ್ ಮತ್ತು ಸಹೋದ್ಯೋಗಿಗಳು ಇದೇ ಪ್ರಶ್ನೆಯನ್ನು ಮಕ್ಕಳಲ್ಲಿಯೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯವರು ವಿಷಮ ಸಂದರ್ಭದಲ್ಲಿ ಹೆದ್ದಾರಿ ಹಿಡಿದು ಉತ್ತರಕ್ಕೆ ಹುಬ್ಬಳ್ಳಿಗೋ ದಕ್ಷಿಣಕ್ಕೆ ದಾವಣಗೆರೆಗೋ ಮಗುವನ್ನು ಒಯ್ಯುವುದು ವಾಡಿಕೆ. ಪ್ರಾಜೋಸಿನ್ ಬಾಯಿಯಿಂದ ಕೊಡುವ ಔಷಧವಾದುದರಿಂದ ಮೊದಲ ಪ್ರಮಾಣವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಕೊಟ್ಟು ಆ ಬಳಿಕ ವಾಹನ ಹತ್ತಿಸಲು ಅಡ್ಡಿಯಿಲ್ಲ.