ಗಡಿಯ ಕಾಡು ಮತ್ತು ಎರಡು ರಾಜ್ಯಗಳ ಪೋಲೀಸು



ಮಲೆಯ ಮಹದೇಶ್ವರನ ಬೆಟ್ಟಗಳಿಂದ ಬರಗೂರು, ಸತ್ಯಮಂಗಲಗಳವರೆಗೆ ಹಬ್ಬಿರುವುದು ಒಂದೇ ಕಾಡು. ಅದರ ನಡುವೆ ರಾಜ್ಯದ ಎಲ್ಲೆಯನ್ನೆಳೆದವರು ಮನುಷ್ಯರು. ಆ ಎಲ್ಲೆಯೂ ಬಹಳ ಹಳೆಯದಲ್ಲ. ಕೊಳ್ಳೇಗಾಲದ ತಾಲ್ಲೂಕು 1956ನೆಯ ಇಸವಿಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರಿಗೆ ಬಂದಿತು. ಕಾಡು ಮಾತ್ರ ಇದ್ದಲ್ಲಿಯೇ ಇದ್ದಿತು.

ಅಪರಾಧಿಯನ್ನು ಬೆನ್ನಟ್ಟಿದ ಪೋಲೀಸಿನವನು ಎಲ್ಲೆಯ ಬಳಿ ನಿಲ್ಲಬೇಕೆ ಎಂಬುದು ಹಳೆಯ ಪ್ರಶ್ನೆ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡು ಅವನಿಗೆ ಬ್ರಿಟಿಷ್ ಇಂಡಿಯಾದ ಯಾವ ಎಡೆಗಾದರೂ ಬೆನ್ನಟ್ಟಿ ಹೋಗುವ ಅಧಿಕಾರವನ್ನು ಕೊಟ್ಟಿದ್ದಿತು. ಆದರೆ ಆ ಅಧಿಕಾರವು ದೇಶೀಯ ಸಂಸ್ಥಾನಗಳ ಗಡಿಯಲ್ಲಿ ಮುಗಿಯುತ್ತಿದ್ದಿತು. ಓಡಿಹೋದವನನ್ನು ಪಡೆಯಲು ಬೇರೆಯ ಏರ್ಪಾಡು ಬೇಕಾಗುತ್ತಿದ್ದಿತು. ಸ್ವಾತಂತ್ರ್ಯಾನಂತರದ 1973ರ ಕೋಡಿನ 48ನೆಯ ಕಲಮಿನಲ್ಲಿ ಭಾರತದ ಯಾವ ಎಡೆಗಾದರೂ ಬೆನ್ನಟ್ಟಿ ಹೋಗುವ ಅಧಿಕಾರವಿದ್ದಿತು. ಆದುದರಿಂದ ವೀರಪ್ಪನ್ನನ ಕಾಲದಲ್ಲಿ ಎಲ್ಲೆಯನ್ನು ದಾಟಲು ಕಾಯಿದೆಯ ಅಡ್ಡಿಯಿರಲಿಲ್ಲ. ಇದ್ದ ಅಡ್ಡಿ ಬೇರೆ: ಎರಡು ಸರಕಾರ, ಎರಡು ದಫ್ತರ, ಎರಡು ಭಾಷೆ, ಇಬ್ಬರು ನಾಯಕರು.

ಆನೆಯ ದಂತವನ್ನೂ ಗಂಧದ ಮರವನ್ನೂ ಕದ್ದು ಮಾರುತ್ತಿದ್ದ ಈ ಮನುಷ್ಯನನ್ನು ಹಿಡಿಯಲೆಂದು 1990ರಲ್ಲಿ ಕರ್ನಾಟಕವು ವಿಶೇಷ ಕಾರ್ಯಪಡೆಯನ್ನು ಕಟ್ಟಿತು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸರೂ, 1992ರ ಆಗಸ್ಟಿನಲ್ಲಿ ಪೋಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದರೂ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲದಲ್ಲಿ ಹುಗಿದಿದ್ದ ಸಿಡಿಮದ್ದಿಗೆ 22 ಜನರು ಬಲಿಯಾದರು. ಆ ವರ್ಷ ಎರಡು ರಾಜ್ಯಗಳ ಪಡೆಗಳೂ ಕೂಡಿ ಕಾಡನ್ನು ಶೋಧಿಸತೊಡಗಿದುವು. ಕರ್ನಾಟಕದ ಕಡೆ ಶಂಕರ ಬಿದರಿಯವರು, ತಮಿಳುನಾಡಿನ ಕಡೆ ವಾಲ್ಟರ್ ದೇವಾರಂರವರು ಮುಂದಾಳುಗಳು. ಗಡಿ ಭದ್ರತಾ ಪಡೆಯ ನೆರವೂ ದೊರೆಯಿತು. ಎಲ್ಲೆಯ ಆಚೆ ಈಚೆ ಸರಿದು ಬದುಕುತ್ತಿದ್ದ ದೊಡ್ಡ ತಂಡವು ಕೆಲವೇ ವರ್ಷಗಳಲ್ಲಿ ಬೆರಳೆಣಿಕೆಯ ಜನಕ್ಕಿಳಿಯಿತು.

ಆದರೂ ಅವನು ಸಿಕ್ಕಲಿಲ್ಲ. 2000ದ ಜುಲೈ 30ರಂದು ತಮಿಳುನಾಡಿನ ಗಾಜನೂರಿನಿಂದ ಕನ್ನಡದ ವರನಟ ರಾಜಕುಮಾರರನ್ನು ಅಪಹರಿಸಿ, 108 ದಿನ ಕಾಡಿನಲ್ಲಿರಿಸಿಕೊಂಡನು. ಕಡೆಗೆ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ತಮಿಳುನಾಡಿನ ಪಡೆಯು ಅವನನ್ನೂ ಜೊತೆಯ ಮೂವರನ್ನೂ ಗುಂಡಿಟ್ಟು ಕೊಂದಿತು.

ಕಥೆಯು ಇಲ್ಲಿಗೇ ಮುಗಿಯಿತೆಂದು ನಾವು ಭಾವಿಸುವಂತಿಲ್ಲ. ಆ ಕಾಡಿನಂಚಿನಲ್ಲಿ ಬಡ ಊರುಗಳುಂಟು. ಕಳ್ಳನಿಗೆ ಅಕ್ಕಿ ಕೊಟ್ಟರೆ ಪೋಲೀಸಿನವರ ಸಂಶಯ. ಕೊಡದಿದ್ದರೆ ಕಳ್ಳನ ಕೋವಿ. ಎಷ್ಟೋ ಮಂದಿ ಟಾಡಾ ಕಾಯಿದೆಯಡಿ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಪಡೆಗಳು ಹಿಂಸಿಸಿದುವೆಂಬ ದೂರುಗಳೂ ಎದ್ದುವು. ಎರಡು ರಾಜ್ಯಗಳ ಪಡೆಗಳು ಒಂದಾಗಿ ಬಂದಾಗ, ನೊಂದವನು ಯಾವ ರಾಜ್ಯದ ಬಾಗಿಲಿಗೆ ಹೋಗಬೇಕು? ಕಡೆಗೆ ಎರಡು ರಾಜ್ಯಗಳಿಗೂ ಹೊರಗಿನದಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ವಿಚಾರಿಸಬೇಕಾಯಿತು. ಅದು ನೇಮಿಸಿದ ನ್ಯಾಯಮೂರ್ತಿ ಎ. ಜೆ. ಸದಾಶಿವರ ಸಮಿತಿಯ ವರದಿಯಾದ ಮೇಲೆ, 2007ರಲ್ಲಿ 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವು ವಿಧಿಸಲ್ಪಟ್ಟಿತು.

ಕಳ್ಳನಿಗೆ ಎಲ್ಲೆಯಿಲ್ಲವಾದುದರಿಂದ ಅವನನ್ನು ಹಿಡಿಯುವವರಿಗೂ ಅದು ಇರಬಾರದೆಂಬುದು ಸರಿಯಾದ ಮಾತೇ. ಆದರೆ ಬೆನ್ನಟ್ಟುವ ಪಡೆಗಳು ಕೂಡುವುದಕ್ಕೆ ಮೂರು ವರ್ಷ ಸಾಕಾಯಿತು. ದೂರನ್ನು ಕೇಳಿ ಪರಿಹಾರ ಕೊಡುವುದಕ್ಕೆ ಹದಿನೇಳು ವರ್ಷ ಹಿಡಿಯಿತು. ಮುಂದೆ ಎರಡು ರಾಜ್ಯಗಳು ಇಂತಹ ಕಾರ್ಯದಲ್ಲಿ ಕೈಗೂಡಿಸುವ ದಿನವೇ, ಊರಿನವನ ದೂರನ್ನು ಕೇಳುವವರು ಯಾರೆಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಗಡಿಯಲ್ಲಿ ಬಾಳುವವರಿಗೆ ನಾವು ಸಲ್ಲಿಸಬೇಕಾದ ಋಣವಿದು.