ಕಡಲ ವಿದ್ಯುತ್ತಿಗೂ ಬೇಕು ಪ್ರಮಾಣಪತ್ರ: ಸೌರ ಫಲಕ ಕಲಿಸಿದ ಪಾಠ

ಸಮುದ್ರದ ಅಲೆ, ಉಬ್ಬರವಿಳಿತ ಹಾಗೂ ಒಳಪ್ರವಾಹಗಳಿಂದ ವಿದ್ಯುತ್ ಪಡೆಯಬಹುದೆಂಬುದು ಹೊಸ ಸಂಗತಿಯೇನಲ್ಲ. ಆದರೆ ಅಂತಹ ಯಂತ್ರಗಳು ಪ್ರಯೋಗದ ಹಂತ ದಾಟಿ ಮಾರುಕಟ್ಟೆಗೆ ಬಂದಿರುವುದು ಬಲು ವಿರಳ. ಯಂತ್ರ ತಯಾರಿಸಿದವರ ಮಾತನ್ನು ಸಾಲ ನೀಡುವ ಬ್ಯಾಂಕು, ವಿಮಾ ಕಂಪೆನಿ ಮತ್ತು ವಿದ್ಯುತ್ ಖರೀದಿಸುವ ಸಂಸ್ಥೆ ಯಾವ ಆಧಾರದ ಮೇಲೆ ನಂಬಬೇಕು ಎಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ಈ ಕೊರತೆಯನ್ನು ತುಂಬಲು ಹೊರಟಿರುವುದೇ ಅಂತಾರಾಷ್ಟ್ರೀಯ ಮಾನದಂಡ ಹಾಗೂ ಪ್ರಮಾಣೀಕರಣ ವ್ಯವಸ್ಥೆ. ಅದರ ಕಾರ್ಯವಿಧಾನವನ್ನು ಅರಿಯಲು ಕಡಲತೀರಕ್ಕೇ ಹೋಗಬೇಕಾಗಿಲ್ಲ. ಇದೇ ದಾರಿಯಲ್ಲಿ ಮೊದಲೇ ನಡೆದುಬಂದ ಸೌರ ಉದ್ಯಮ ಬೆಂಗಳೂರಿನ ಮಗ್ಗುಲಲ್ಲೇ ಇದೆ.

ಸೂಲಿಬೆಲೆ, ದಾಬಸ್‌ಪೇಟೆಯ ಉದಾಹರಣೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಹಾಗೂ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಎಮ್ವೀ ಸಂಸ್ಥೆಯ ಸೌರ ಫಲಕ ತಯಾರಿಕಾ ಘಟಕಗಳಿವೆ. 1992ರಲ್ಲಿ ಆರಂಭವಾದ ಈ ಸಂಸ್ಥೆ ಮೊದಲು ತಯಾರಿಸಿದ್ದು ಸೋಲಾರ್ ವಾಟರ್ ಹೀಟರುಗಳನ್ನು. ವಿದ್ಯುತ್ ಉತ್ಪಾದಿಸುವ ಫಲಕಗಳ ತಯಾರಿಕೆಗೆ ಇಳಿದದ್ದು ಆನಂತರ.

ವಾಟರ್ ಹೀಟರಿನ ಕಾಲದಲ್ಲೇ ಗ್ರಾಹಕರಿಗೆ ಐಎಸ್‌ಐ ಮುದ್ರೆಯ ಪರಿಚಯವಿತ್ತು. ಸಪಾಟು ಫಲಕದ ಹೀಟರುಗಳ ಶಾಖ ಸಂಗ್ರಾಹಕಕ್ಕೆ ಐಎಸ್ 12933 ಎಂಬ ಭಾರತೀಯ ಮಾನದಂಡವಿದೆ. ವಿದ್ಯುತ್ ಫಲಕಗಳ ವಿಷಯದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. 2000ದ ದಶಕದಲ್ಲಿ ದೇಶದೊಳಗಿನ ಬೇಡಿಕೆ ತೀರಾ ಕಡಿಮೆಯಿತ್ತು. ಭಾರತದಲ್ಲಿ ತಯಾರಾದ ಫಲಕಗಳ ಬಹುಪಾಲು ಯುರೋಪ್ ಮೊದಲಾದ ಹೊರಗಿನ ಮಾರುಕಟ್ಟೆಗಳಿಗೆ ರಫ್ತಾಗುತ್ತಿತ್ತು. ಅಲ್ಲಿನ ಖರೀದಿದಾರರು ಕೇಳುತ್ತಿದ್ದುದು ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ (ಐಇಸಿ) ಮಾನದಂಡಗಳಿಗೆ ಅನುಗುಣವಾದ ಪ್ರಮಾಣಪತ್ರವನ್ನು. ಕಾಗದ ಸರಿಯಿಲ್ಲದಿದ್ದರೆ ಸರಕು ಮಾರಾಟವಾಗುವಂತಿರಲಿಲ್ಲ.

ಪರೀಕ್ಷೆ ಎಂದರೇನು?

ಸೌರ ಫಲಕದ ಬಾಳಿಕೆಗೆ ಐಇಸಿ 61215 ಹಾಗೂ ಸುರಕ್ಷತೆಗೆ ಐಇಸಿ 61730 ಮುಖ್ಯ ಮಾನದಂಡಗಳು. ಮೊದಲನೆಯದರ ಪ್ರಕಾರ ಫಲಕವನ್ನು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಿಂದ 85 ಡಿಗ್ರಿಯವರೆಗೆ 200 ಬಾರಿ ತಣಿಸಿ ಕಾಯಿಸಲಾಗುತ್ತದೆ. 85 ಡಿಗ್ರಿ ಶಾಖ, ಶೇ 85ರಷ್ಟು ತೇವಾಂಶವಿರುವ ಕೋಣೆಯಲ್ಲಿ 1000 ಗಂಟೆ ಇಡಲಾಗುತ್ತದೆ. 25 ಮಿ.ಮೀ. ಗಾತ್ರದ ಮಂಜುಗಡ್ಡೆಯ ಗುಂಡುಗಳನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಅದರ ಮೇಲೆ ಹೊಡೆಯಲಾಗುತ್ತದೆ. ಬೇಸಿಗೆಯ ಆಲಿಕಲ್ಲು ಮಳೆಗೆ ತೋಟ ಕಳೆದುಕೊಂಡ ದೊಡ್ಡಬಳ್ಳಾಪುರ, ದೇವನಹಳ್ಳಿ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ಕೊನೆಯ ಪರೀಕ್ಷೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಪರೀಕ್ಷೆ ನಡೆಸುವ ಖಾಸಗಿ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಸ್ಥಾಪನೆಯಾದದ್ದು ಇಲ್ಲಿನ ತಯಾರಕರಿಗೆ ಅನುಕೂಲವಾಯಿತು. ಮಾದರಿಗಳನ್ನು ವಿದೇಶಕ್ಕೆ ಕಳುಹಿಸಿ ತಿಂಗಳುಗಟ್ಟಲೆ ಕಾಯುವ ಅನಿವಾರ್ಯತೆ ತಗ್ಗಿತು.

ಕಾನೂನಿನ ಬಲ

ಕ್ರಮೇಣ ದೇಶದೊಳಗಿನ ಮಾರುಕಟ್ಟೆಯಲ್ಲೂ ಇದು ನಿಯಮವಾಯಿತು. ಐಇಸಿ 61215ನ್ನು ಭಾರತೀಯ ಮಾನಕ ಬ್ಯೂರೋ ಐಎಸ್ 14286 ಎಂದು ಅಂಗೀಕರಿಸಿದೆ. ಕೇಂದ್ರ ಸರಕಾರ 2017ರ ಆದೇಶದ ಮೂಲಕ ಸೌರ ಫಲಕಗಳಿಗೆ ಕಡ್ಡಾಯ ನೋಂದಣಿ ವಿಧಿಸಿತು. 2019ರಲ್ಲಿ ಅನುಮೋದಿತ ತಯಾರಕರ ಪಟ್ಟಿಯ ವ್ಯವಸ್ಥೆಯನ್ನು ಪ್ರಕಟಿಸಿತು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮನೆಗಳಿಗೆ ನಿಗದಿಯಾದ ಗರಿಷ್ಠ ಸಹಾಯಧನ 78,000 ರೂಪಾಯಿ. ಅದನ್ನು ಪಡೆಯಲು ನಿಯಮಕ್ಕೆ ಒಳಪಟ್ಟ ದೇಶೀಯ ಫಲಕವನ್ನೇ ಅಳವಡಿಸಬೇಕು. ಮನೆಯ ಮಾಳಿಗೆಯ ಮೇಲೆ ಇಪ್ಪತ್ತೈದು ವರ್ಷ ಬಾಳಬೇಕಾದ ಸಾಮಗ್ರಿಗೆ ಹಣ ಹೂಡುವ ಸಾಮಾನ್ಯ ಗ್ರಾಹಕನಿಗೆ ತಾನಾಗಿಯೇ ಅದನ್ನು ಪರೀಕ್ಷಿಸುವ ಉಪಾಯವಿಲ್ಲ. ಆ ಕೆಲಸವನ್ನು ಅವನ ಪರವಾಗಿ ಮಾನದಂಡ ಮಾಡುತ್ತದೆ.

ವಿಳಿಂಜಂನ ಅನುಭವ

ಕಡಲ ವಿದ್ಯುತ್ತಿಗೆ ಈ ಬಗೆಯ ಆಸರೆ ಇರಲಿಲ್ಲ. ಕೇರಳದ ತಿರುವನಂತಪುರದ ಬಳಿಯ ವಿಳಿಂಜಂನಲ್ಲಿ ಮದ್ರಾಸ್ ಐಐಟಿಯ ತಜ್ಞರು ರೂಪಿಸಿದ 150 ಕಿಲೋವಾಟ್ ಸಾಮರ್ಥ್ಯದ ಅಲೆ ವಿದ್ಯುತ್ ಸ್ಥಾವರ 1991ರಲ್ಲಿ ಕಾರ್ಯಾರಂಭ ಮಾಡಿತು. ಕಾಂಕ್ರೀಟಿನ ಕೋಣೆಯೊಳಗೆ ಅಲೆ ಏರಿಳಿದಾಗ ಮೇಲಿನ ಗಾಳಿ ಒತ್ತಲ್ಪಟ್ಟು ಟರ್ಬೈನನ್ನು ತಿರುಗಿಸುತ್ತಿತ್ತು. ಅಂದಿಗೆ ಅದು ದೊಡ್ಡ ಸಾಧನೆ. ಆದರೆ ಅದು ಪ್ರಯೋಗವಾಗಿಯೇ ಉಳಿಯಿತು. ಸ್ಥಾವರ ಈಗ ಕೆಲಸ ಮಾಡುತ್ತಿಲ್ಲ. ಅಲೆ ಯಂತ್ರದ ಉತ್ಪಾದನೆಯನ್ನು ಅಳೆಯುವ, ಒಂದು ಯಂತ್ರವನ್ನು ಇನ್ನೊಂದರೊಡನೆ ಹೋಲಿಸುವ ಸರ್ವಸಮ್ಮತ ಐಇಸಿ ವಿಧಾನ ಆಗ ಜಗತ್ತಿನಲ್ಲೇ ಇರಲಿಲ್ಲ.

ಜಾಗತಿಕ ಚೌಕಟ್ಟು

ಐಇಸಿ ಈ ಉದ್ದೇಶಕ್ಕಾಗಿ ಟಿಸಿ 114 ಎಂಬ ತಾಂತ್ರಿಕ ಸಮಿತಿಯನ್ನು ರಚಿಸಿದ್ದು 2007ರಲ್ಲಿ. ಅದು ಹೊರತಂದ ಐಇಸಿ 62600 ಸರಣಿಯಲ್ಲಿ ಯಂತ್ರದ ವಿನ್ಯಾಸ, ಲಂಗರು ವ್ಯವಸ್ಥೆ, ಅಲೆ ಹಾಗೂ ಉಬ್ಬರವಿಳಿತದ ಸಂಪನ್ಮೂಲದ ಅಂದಾಜು, ವಿದ್ಯುತ್ ಉತ್ಪಾದನೆಯ ಅಳತೆ ಮುಂತಾದ ವಿಷಯಗಳಿಗೆ ಪ್ರತ್ಯೇಕ ಭಾಗಗಳಿವೆ. ಇವುಗಳಲ್ಲಿ ಹೆಚ್ಚಿನವು ಇನ್ನೂ ಪೂರ್ಣ ಮಾನದಂಡದ ದರ್ಜೆ ಪಡೆಯದ 'ತಾಂತ್ರಿಕ ವಿವರಣೆ'ಗಳು. ಅನುಭವ ಬೆಳೆದಂತೆ ಅವುಗಳನ್ನು ತಿದ್ದಲಾಗುತ್ತದೆ.

2014ರಲ್ಲಿ ಐಇಸಿಆರ್‌ಇ ಎಂಬ ಪ್ರಮಾಣೀಕರಣ ವ್ಯವಸ್ಥೆ ಸ್ಥಾಪನೆಯಾಯಿತು. ಪವನ, ಸೌರ ಹಾಗೂ ಸಾಗರ ಶಕ್ತಿ ಇದರ ಮೂರು ವಿಭಾಗಗಳು. ಒಂದು ದೇಶದಲ್ಲಿ ನಡೆದ ಪರೀಕ್ಷೆಯ ವರದಿಯನ್ನು ಇನ್ನೊಂದು ದೇಶ ಒಪ್ಪುವಂತೆ ಮಾಡುವುದು ಇದರ ಗುರಿ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ 2003ರಲ್ಲಿ ಸ್ಥಾಪನೆಯಾದ ಯುರೋಪಿಯನ್ ಸಾಗರ ಶಕ್ತಿ ಕೇಂದ್ರ ನೈಜ ಸಮುದ್ರದಲ್ಲೇ ಯಂತ್ರಗಳನ್ನು ಪರೀಕ್ಷಿಸುವ ಪ್ರಮುಖ ತಾಣವಾಗಿದೆ.

ಇದರಿಂದ ಆಗುವ ಲಾಭ ಮೂರು ಬಗೆಯದು. ಬ್ಯಾಂಕು ಹಾಗೂ ವಿಮಾ ಕಂಪೆನಿಗಳಿಗೆ ಅಪಾಯದ ಲೆಕ್ಕ ಹಾಕಲು ಆಧಾರ ಸಿಗುತ್ತದೆ. ತಯಾರಕರು ಪ್ರತಿ ದೇಶದಲ್ಲೂ ಹೊಸದಾಗಿ ಪರೀಕ್ಷೆಗೆ ಒಡ್ಡಿಕೊಳ್ಳುವ ಖರ್ಚು ಉಳಿಯುತ್ತದೆ. ಹಣ ನೀಡುವ ಸರಕಾರಗಳಿಗೆ ಒಂದೇ ಅಳತೆಗೋಲಿನಲ್ಲಿ ಯೋಜನೆಗಳನ್ನು ಹೋಲಿಸಲು ಸಾಧ್ಯವಾಗುತ್ತದೆ.

ಮಿತಿಗಳೂ ಉಂಟು

ಪ್ರಮಾಣಪತ್ರ ಸರ್ವರೋಗಕ್ಕೂ ಮದ್ದಲ್ಲ. ಪರೀಕ್ಷೆಗೆ ಒಳಪಡುವುದು ಕೆಲವೇ ಮಾದರಿಗಳು. ಕಾರ್ಖಾನೆಯಿಂದ ಹೊರಬೀಳುವ ಪ್ರತಿಯೊಂದು ಫಲಕದ ಗುಣಮಟ್ಟಕ್ಕೆ ನಿರಂತರ ತಪಾಸಣೆಯೂ ಬೇಕು. ಪರೀಕ್ಷಾ ವೆಚ್ಚ ಸಣ್ಣ ತಯಾರಕರಿಗೆ ಹೊರೆಯಾಗುತ್ತದೆ. ಸೌರ ಫಲಕವನ್ನು ಕೋಣೆಯೊಳಗೆ ಪರೀಕ್ಷಿಸಬಹುದು; ಅಲೆ ಯಂತ್ರಕ್ಕೆ ಕಡಲೇ ಅಂತಿಮ ಪ್ರಯೋಗಾಲಯ. ಉಪ್ಪುನೀರಿನ ತುಕ್ಕು, ಬಿರುಗಾಳಿ, ಯಂತ್ರಕ್ಕೆ ಅಂಟಿಕೊಳ್ಳುವ ಕಡಲ ಜೀವಿಗಳು, ಇವೆಲ್ಲವನ್ನೂ ವರ್ಷಗಟ್ಟಲೆ ಎದುರಿಸಿದ ಯಂತ್ರಗಳ ಸಂಖ್ಯೆಯೇ ಕಡಿಮೆಯಿರುವುದರಿಂದ ನಿಯಮ ರೂಪಿಸಲು ಬೇಕಾದ ಅನುಭವವೂ ಸೀಮಿತ.

ಭಾರತದ ಸ್ಥಿತಿ

ದೇಶದ ಕರಾವಳಿಯಲ್ಲಿ ಉಬ್ಬರವಿಳಿತದಿಂದ ಸುಮಾರು 12,455 ಮೆಗಾವಾಟ್ ಹಾಗೂ ಅಲೆಗಳಿಂದ ಸುಮಾರು 41,300 ಮೆಗಾವಾಟ್ ವಿದ್ಯುತ್ ಸಾಧ್ಯವೆಂದು ಅಂದಾಜಿಸಲಾಗಿದೆ. ಇದು ಸೈದ್ಧಾಂತಿಕ ಲೆಕ್ಕ. ಲಾಭದಾಯಕವಾಗಿ ಪಡೆಯಬಹುದಾದದ್ದು ಇದಕ್ಕಿಂತ ಕಡಿಮೆ. ಕೇಂದ್ರ ಸರಕಾರ 2019ರಲ್ಲಿ ಸಾಗರ ಶಕ್ತಿಯನ್ನು ನವೀಕರಿಸಬಹುದಾದ ಇಂಧನವೆಂದು ಸ್ಪಷ್ಟಪಡಿಸಿತು. ಮದ್ರಾಸ್ ಐಐಟಿಯ 'ಸಿಂಧುಜಾ-1' ಯಂತ್ರವನ್ನು 2022ರ ನವೆಂಬರ್‌ನಲ್ಲಿ ತೂತ್ತುಕುಡಿಯ ಕಡಲಲ್ಲಿ ಪರೀಕ್ಷಿಸಲಾಯಿತು.

ಆದರೆ ಇಂತಹ ಯಂತ್ರ ಕಾರವಾರ, ಮಲ್ಪೆ ಅಥವಾ ಮಂಗಳೂರಿನ ಕಡಲಲ್ಲಿ ವಾಣಿಜ್ಯ ಉದ್ದೇಶಕ್ಕೆ ನಿಲ್ಲಬೇಕಾದರೆ ಬ್ಯಾಂಕಿನ ಅಧಿಕಾರಿ ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು: ಇದನ್ನು ಯಾರು, ಯಾವ ಅಳತೆಯಿಂದ ಪರೀಕ್ಷಿಸಿದ್ದಾರೆ? ಸೂಲಿಬೆಲೆಯ ಫಲಕಕ್ಕೆ ಆ ಉತ್ತರ ದೊರೆತು ವರ್ಷಗಳಾದವು. ಕಡಲ ಯಂತ್ರಕ್ಕೆ ಅದನ್ನು ಒದಗಿಸುವ ಕೆಲಸ ಈಗ ನಡೆದಿದೆ.